ಗಿಡದಾನೆಯ ಎಡಗಿವಿ

ಸುಣ್ಣದ ಪುಡಿಯ ಬಿಳಿ ಗೆರೆಯೊಂದು ಸೀದಾ ಬಂದು ಆನೆಯ ಕಾಲಬುಡಕ್ಕೆ ನುಗ್ಗಿ, ಆ ಕಡೆಯಿಂದ ಹೊರಗೆ ಹೋಗಿತ್ತು. ಹೊಸ ದಾರಿಗೆ ಆನೇನ ಕಡೀತಾರೆ ಅಂತ ಅದನ್ನ ನೋಡಿದ್ದೇ ನನಗೆ ಗೊತ್ತಾಯ್ತು.

ಆನೆ ಅಂದ್ರೆ ನಿಜವಾದ್ದಲ್ಲ. ನಮ್ಮೂರ ಪಾರ್ಕಲ್ಲಿ ಬೇಲಿ ಗಿಡಾನ ಕತ್ತರಿಸಿ ಕತ್ತರಿಸಿ ಮಾಡಿದ್ದ ಹಸಿರಾನೆ. ಮಕ್ಕಳಿಗೆ ಮೊದಲ ಸಲ ಚಪ್ಪಲಿ ಕೊಡಿಸಿದ ದಿನ ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆಸೋದು ಊರಿನ ರೂಢಿ. ನನ್ನ ಫೋಟೋದಲ್ಲಿ ನಾನು ಬಾಯಿ ತೆರೆದು ಅಳ್ತಿದ್ದೀನಿ. ಅಮ್ಮನ ಫೋಟೋದಲ್ಲಿ ಆನೆ ಇನ್ನೂ ಮರಿ. ಅದರ ಎಡಗಿವಿ ಮಾತ್ರ ಬಲಗಿವಿಗಿಂತ ತುಂಬ ದೊಡ್ಡದು. ಊರಿನ ಗುಟ್ಟು ಕೇಳೋಕೆ ಅಂತ ದೊಡ್ಡೋರು ನಮಗೆ ಹೇಳಿ ನಂಬಿಸಿದ್ರು.

ಆನೆ ಮಾಡಿದ್ದು ಮಾಲಿ ಕೊಟ್ರಪ್ಪಜ್ಜ. ಅವರು ತೀರಿಕೊಂಡ ಮೇಲೆ ಯಾರೂ ಕತ್ರಿ ಮುಟ್ಟಲಿಲ್ಲ. ಸೊಂಡಿಲು, ಕಾಲು, ಹೊಟ್ಟೆ ಎಲ್ಲ ಸೇರಿ ಮೇವಿನ ಬಣವೆ ತರ ಆಗೋಯ್ತು. ಅಷ್ಟರಲ್ಲಿ ಪಾರ್ಕಿಗೆ ಹೊಸ ಗೇಟು ಬಂತು, ದಾರಿಗೆ ಗೆರೆ ಬಿತ್ತು. ನಾನೂ ಗೆಳತಿ ತಸ್ಲೀಮಾನೂ ಇಂಜಿನಿಯರ್ ಸಾಹೇಬ್ರ ಹಿಂದೆ ಬಿದ್ವಿ. ಅವರೇನು ಕೆಟ್ಟೋರಲ್ಲ. "ನನಗೆ ಪೊದೆ ಕಾಣ್ತಿದೆಯಮ್ಮ. ಸಂಜೆಯೊಳಗೆ ಆನೆ ತೋರ್ಸಿ, ಗೆರೆ ಪಕ್ಕಕ್ಕೆ ಹಾಕಿಸ್ತೀನಿ" ಅಂದ್ರು.

ಕತ್ರಿ ಸಿಕ್ತು, ಸ್ಟೂಲ್ ಸಿಕ್ತು. ಎಲ್ಲಿ ಕತ್ತರಿಸ್ಬೇಕು ಅಂತ ಇಬ್ಬರಿಗೂ ಗೊತ್ತಿಲ್ಲ. ಕೊನೆಗೆ ಅಜ್ಜನ ಹೆಂಡತಿ ಹಾಲವ್ವಜ್ಜಿ ಮನೆಗೆ ಓಡಿದ್ವಿ. ಗಂಡ ಹೋದ ಮೇಲೆ ಅವರು ಪಾರ್ಕಿನ ಕಡೆ ತಲೆ ಹಾಕಿರಲಿಲ್ಲ. ತನಗೆ ಆ ಕೆಲಸ ಬರಲ್ಲ, ತಾನು ಬುತ್ತಿ ತರೋಳು ಅಷ್ಟೇ ಅಂದ್ರು. ಗೆರೆ ವಿಷಯ ಹೇಳಿದ್ವಿ. ಸೆರಗು ಸರಿಮಾಡ್ಕೊಂಡು ಎದ್ದೇಬಿಟ್ರು. ಊರೋರ ಫೋಟೋಗೆಲ್ಲ ಅಡ್ಡ ಬರ್ತೀನಿ ಅಂತ ಅಜ್ಜ ಸರಿದು ಸರಿದು ನಿಂತೋರು. ಮನೇಲಿ ಅವರದ್ದೊಂದು ಫೋಟೋನೂ ಇರಲಿಲ್ಲ. ಉಳಿದಿದ್ದು ಈ ಆನೆ ಒಂದೇ.

ಹಾಲವ್ವಜ್ಜಿ ಕಲ್ಲುಬೆಂಚಿನ ತುದೀಲಿ ಕೂತ್ರು. ದೂರದಿಂದ ಆಕಾರ ನೋಡಿ ಹೇಳ್ಲಿ ಅಂತ ಅಜ್ಜ ದಿನಾ ಅವರನ್ನ ಅಲ್ಲೇ ಕೂರಿಸ್ತಿದ್ರಂತೆ, ಅಲ್ಲಿಂದ ಏಳೋಕೆ ಬಿಡ್ತಿರಲಿಲ್ಲವಂತೆ. ಅಜ್ಜ ಒಂದಿಷ್ಟು ಕತ್ತರಿಸಿ "ಹೆಂಗೈತಿ?" ಅನ್ನೋರು. ಇವರು ಸಾಕು ಅಂದ್ರೆ ಮಾತ್ರ ಕತ್ರಿ ಇಟ್ಟು ಊಟಕ್ಕೆ ಬರೋರು.

"ನನಗೆ ಹೊಟ್ಟೆ ಹಸೀತಿತ್ತವ್ವ. ಹಸಿದಾಗೆಲ್ಲ ಸಾಕು ಅಂತಿದ್ದೆ. ಎಡಗಿವಿ ಮಾಡೋ ದಿನ ಬಿಸಿರೊಟ್ಟಿ ತಂದಿದ್ದೆ, ಆರಿ ಹೋಗ್ತಾವಂತ ಲಗೂನ ಸಾಕು ಅಂದುಬಿಟ್ಟೆ. ಪಾಪ, ಹಂಗೇ ಬಿಟ್ರು."

ತಸ್ಲೀಮಾ ನಕ್ಕು ನಕ್ಕು ಸ್ಟೂಲಿಂದ ಬೀಳೋದೊಂದು ಬಾಕಿ. ಆಮೇಲೆ ನಾವೂ "ಹೆಂಗೈತಿ?" ಅಂತ ಕೂಗ್ತಾ ಕತ್ತರಿಸಿದ್ವಿ. ಎಳೇ ಚಿಗುರು ಸಲೀಸಾಗಿ ಬೀಳ್ತಿತ್ತು. ಸ್ವಲ್ಪ ಒಳಗೆ ಹೋದ್ರೆ ಕತ್ರಿಗೆ ಏನೋ ಗಟ್ಟಿಯಾಗಿ ತಡೀತಿತ್ತು. ಅಜ್ಜ ವರ್ಷವರ್ಷ ಕತ್ತರಿಸಿ ಗಂಟುಗಟ್ಟಿದ್ದ ಕಡ್ಡಿಗಳವು. ಹಳೇ ಆನೆ ಒಳಗೇ ಇತ್ತು. ಬೆನ್ನು ಬಂತು, ಸೊಂಡಿಲು ಬಂತು, ಹೊಟ್ಟೆ ಕೆಳಗೆ ಬೆಳಕು ತೂರಿ ನಾಲ್ಕು ಕಾಲೂ ಬಂದ್ವು. ಕೈ ಬಿದ್ದುಹೋಗ್ತಿತ್ತು, ಅಜ್ಜಿ ಮಾತ್ರ ಸಾಕು ಅನ್ನಲೇ ಇಲ್ಲ. ಇನ್ನೂ ಸಾಕಾಗಿಲ್ವಾ ಅಜ್ಜಿ ಅಂತ ಕೊನೆಗೆ ನಾನೇ ಕೇಳಿದೆ.

"ಇವತ್ತು ಹಸಿವಿಲ್ಲವ್ವ" ಅಂದ್ರು.

ಸಾಹೇಬ್ರು ಬಂದ್ರು. ಸುಮಾರು ಹೊತ್ತು ನೋಡಿ, ಆ ಕಿವೀನ ಇನ್ನೊಂಚೂರು ಚಿಕ್ಕದು ಮಾಡಬಹುದಿತ್ತಲ್ವಾ ಅಂದ್ರು.

"ಅದು ಹಂಗೇ ಇರ್ಲಿ ಸಾಹೇಬ್ರೆ" ಅಂದ್ರು ಹಾಲವ್ವಜ್ಜಿ, ತಲೆ ತಗ್ಗಿಸಿ.

ಸಾಹೇಬ್ರು ಬಿಳಿ ಗೆರೇನ ಬೂಟಿಂದ ಉಜ್ಜಿ ಅಳಿಸಿ, ಪಕ್ಕದಲ್ಲಿ ಹೊಸ ಗೆರೆ ಹಾಕೋಕೆ ದಾರ ತನ್ನಿ ಅಂದ್ರು.

ಆಗ ಅಜ್ಜಿ ಬೆಂಚಿಂದ ಎದ್ರು. ಇಷ್ಟು ವರ್ಷ ದೂರದಿಂದಲೇ ನೋಡಿದ್ದ ಆನೆ ಹತ್ರ ಮೆಲ್ಲಗೆ ಹೋದ್ರು, ಸೊಂಡಿಲು ಸವರಿದ್ರು, ಹಾಗೇ ಸುತ್ತಿ, ಬೆಂಚಿಂದ ಯಾವತ್ತೂ ಕಾಣದಿದ್ದ ಆ ಬದಿಗೆ ಹೋದ್ರು. ಈ ಕಡೆ ಬರಲಿಲ್ಲ. ಆನೆಯ ಕಾಲುಗಳ ನಡುವೆ ಅವರ ಸೀರೆಯ ಅಂಚು ಮಾತ್ರ ಕಾಣ್ತಿತ್ತು, ಅಲ್ಲಾಡದೆ.