ಏರು ಹತ್ತದ ಗಾಡಿ

ಒಂದನೇ ಗೇರಿಗೆ ಇಳಿಸಿದರೂ ಪಿಕಪ್ಪು ಮುಂದಕ್ಕೆ ಹೋಗಲಿಲ್ಲ. ಪಾಲಣ್ಣ ಆಕ್ಸಿಲೇಟರನ್ನು ಪೂರ್ತಿ ಒತ್ತಿದ. ಹಿಂದೆ ಕರಿ ಹೊಗೆ ಬುಸ್ಸೆಂದು ಎದ್ದಿತು. ಹಿರೇಗುಂಟನೂರು ದಾಟಿ ಇನ್ನೇನು ಗುಡ್ಡದ ಏರು ಶುರುವಾಗುತ್ತದೆ ಅನ್ನುವಲ್ಲಿ ಇಂಜಿನ್ನು ಗೊರಗೊರ ಅಂದು ಆರಿಹೋಯಿತು. ಹಿಂದಿನ ಬಾಡಿಯಲ್ಲಿದ್ದ ಎಳೆಮರಿಗಳು ಒಂದರ ಮೇಲೊಂದು ಜಾರಿ ಒಟ್ಟಿಗೆ ಅರಚಿಕೊಂಡವು.

"ನಿಂತೋಯ್ತಾ?" ಅಂದಳು ಪಕ್ಕದಲ್ಲಿ ಕೂತಿದ್ದ ತಾಯಿ ಬರಗೇರಮ್ಮ.

"ನಿಂತೈತೆ ಕಣವ್ವ. ಇಳಿದು ಆರತಿ ಎತ್ತು."

ಮುದುಕಿ ಸಿಟ್ಟಾಗಲಿಲ್ಲ. ಇಳಿದು ಹಿಂದಕ್ಕೆ ಹೋಗಿ, ಅಡಿಗೆ ಸಿಕ್ಕಿದ್ದ ಒಂದು ಮರಿಯನ್ನು ಎತ್ತಿ ನಿಲ್ಲಿಸಿದಳು.

ಮರಿಗಳು ಹಟ್ಟಿಯ ಕುರಿಗಾರ ತಿಪ್ಪಯ್ಯನವು. ಮಂದೆ ಮೇವು ಹುಡುಕಿ ಬೇರೆ ಕಡೆಗೆ ಎದ್ದಾಗ ದೊಡ್ಡ ಕುರಿಗಳು ಗುಡ್ಡದ ಕಾಲುದಾರಿಯಲ್ಲಿ ನಡೆದೇ ಹೋಗುತ್ತವೆ. ನಡೆಯಲಾರದ ಎಳೆಮರಿಗಳನ್ನು ಮೊದಲೆಲ್ಲ ಕತ್ತೆಯ ಮೇಲೆ ಜೋಳಿಗೆ ಹಾಕಿ ಸಾಗಿಸುತ್ತಿದ್ದರು, ಇಲ್ಲವೆ ಕಂಬಳಿಯ ಮಡಿಲಲ್ಲಿ ಕಟ್ಟಿಕೊಳ್ಳುತ್ತಿದ್ದರು. ಈಗ ಹಟ್ಟಿಯ ಎಲ್ಲರಿಗೂ ಪಾಲಣ್ಣನ ಪಿಕಪ್ಪೇ ಆ ಮಡಿಲು. ಆದರೆ ಮಳೆಗಾಲದಿಂದೀಚೆಗೆ ಅದರ ಕಸುವು ದಿನದಿನಕ್ಕೆ ಇಳಿಯುತ್ತ ಬಂದಿತ್ತು. ಡೀಸೆಲ್ ಫಿಲ್ಟರ್ ಹೊಸದಾಯಿತು, ಟ್ಯಾಂಕು ತೊಳೆದಿದ್ದಾಯಿತು, ಪಂಪು ಬಿಚ್ಚಿ ಹಾಕಿದ್ದಾಯಿತು. ಕೊನೆಗೆ ಪಾಲಣ್ಣ ಸೋತು ಚಿತ್ರದುರ್ಗದ ಗುಜರಿಯವನಿಗೆ ಮಾತು ಕೊಟ್ಟಿದ್ದ. ಇವತ್ತು ಸಾಯಂಕಾಲ ಅವನು ಬರುವವನು. ಗಾಡಿ ಹೋದಮೇಲೆ ಪಾಲಣ್ಣನಿಗೆ ಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿ ಫ್ಯಾನಿನ ಕಂಪನಿಯಲ್ಲಿ ವಾಚ್‌ಮನ್ ಕೆಲಸ. ಹುಟ್ಟಿದಾಗಿನಿಂದ ಕುರಿಯ ಹಿಂದೆಯೇ ಇದ್ದವನು ಕುರ್ಚಿಯ ಮೇಲೆ ಕೂರಬೇಕು. ಅದನ್ನು ನೆನೆದರೇ ಅವನಿಗೆ ಊಟ ಸೇರುತ್ತಿರಲಿಲ್ಲ.

ಫೋನು ಮಾಡಿದ್ದಕ್ಕೆ ಹಿರೇಗುಂಟನೂರಿನಿಂದ ಮೆಕ್ಯಾನಿಕ್ ಓಬಳೇಶ್ ಬೈಕಿನಲ್ಲಿ ಬಂದ. ಬಂದವನು ಮೊದಲು ಮರಿಗಳನ್ನು ನೋಡಿದ.

"ಏನಣ್ಣಾ, ಪ್ಯಾಸೆಂಜರೆಲ್ಲ ಗಲಾಟಿ ಎಬ್ಬಿಸ್ಯಾರೆ?"

"ನಗಬ್ಯಾಡ ಮಾರಾಯ. ಮಧ್ಯಾಹ್ನದೊಳಗೆ ಇವು ತಾಯಿ ಮೊಲಿ ಸೇರ್ಬೇಕು. ಮ್ಯಾಲೆ ತಿಪ್ಪಯ್ಯ ಕಾಯ್ತಾ ಐದಾನೆ. ಇವತ್ತೂ ನಡುದಾರ್‍ಯಾಗೆ ನಿಂತ್ರೆ ಬ್ಯಾರೆ ಗಾಡಿ ನೋಡ್ಕಂತೀನಿ ಅಂದುಬಿಟ್ಟಾನೆ."

"ಇದಕ್ಕೆ ದಮ್ಮು ಕಣಪ್ಪ," ಅಂದಳು ಬರಗೇರಮ್ಮ. "ನಮ್ಮ ಯಜಮಾನ್ರೂ ಕಡೀಕೆ ಹಿಂಗೇ ಗೊರಗೊರ ಅಂತಿದ್ರು."

"ಅಜ್ಜಿ, ಹಂಗಾದ್ರೆ ದವಾಖಾನಿಗೆ ಬರೆದುಕೊಡ್ಲಾ?"

"ಬರಿಯೋಕೆ ಬರ್ತಿದ್ರೆ ನೀನ್ಯಾಕೆ ನಟ್ಟು ತಿರುಗ್ಸೋ ಪಾನಾ ಹಿಡಿತಿದ್ದೆ?"

ಓಬಳೇಶ್ ಗಹಗಹಿಸಿ ನಕ್ಕು ಕೆಲಸಕ್ಕೆ ಇಳಿದ. ಡೀಸೆಲ್ ಪೈಪು ಸಡಿಲಿಸಿ ನೋಡಿದ, ಡೀಸೆಲ್ ಸರಿಯಾಗಿ ಬರುತ್ತಿತ್ತು. ಗಾಡಿ ಚಾಲು ಮಾಡಿಸಿ ಹಿಂದಕ್ಕೆ ಹೋಗಿ ಹೊಗೆಯನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತ.

"ಎಣ್ಣಿ ಸಿಗ್ತೈತೆ, ಗಾಳಿ ಸಿಗ್ತಿಲ್ಲ. ಅದಕ್ಕೇ ಹೊಗೆ ಇಷ್ಟು ಕರ್ರಗೆ. ಏರ್ ಫಿಲ್ಟರ್ ನೋಡಿದ್ಯಾ ಅಣ್ಣಾ?"

"ನೋಡಿಲ್ದೆ ಇರ್ತೀನಾ? ವಾರವಾರ ನೋಡ್ತೀನಿ. ಹೊಸದು ಇದ್ದಂಗೇ ಐತೆ." ಪಾಲಣ್ಣನೇ ಡಬ್ಬಿ ಬಿಚ್ಚಿ ಫಿಲ್ಟರ್ ತೆಗೆದು ಕೊಟ್ಟ. ಅದರ ಮಡಿಕೆಗಳೆಲ್ಲ ಬೆಳ್ಳಗಿದ್ದವು. ತನ್ನ ಗಾಡಿಯಲ್ಲಿ ಇದೊಂದಾದರೂ ಚೆನ್ನಾಗಿದೆಯಲ್ಲ ಎಂಬ ಹೆಮ್ಮೆ ಅವನ ಮುಖದಲ್ಲಿತ್ತು.

ಓಬಳೇಶ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಅಂಗೈಗೆ ಬಡಿದ. ಚೂರೂ ಧೂಳು ಉದುರಲಿಲ್ಲ.

"ಯಾವಾಗ ಹಾಕಿಸಿದ್ದು?"

"ಯುಗಾದಿಗೆ."

"ಯುಗಾದಿಯಿಂದ ದೀಪಾವಳಿಗಂಟ ನಿಮ್ಮ ಹಟ್ಟಿ ರಸ್ತ್ಯಾಗೆ ಓಡಾಡಿ ಫಿಲ್ಟರ್ ಹಿಂಗೆ ಬೆಳ್ಳಗೈತಾ? ಅಣ್ಣಾ, ನಾನು ಒಂದ್ಸಲ ಬಂದು ಹೋದ್ರೆ ನನ್ನ ರೆಪ್ಪೆ ಕೆಂಪಗಾಗ್ತಾವೆ."

ಪಾಲಣ್ಣನ ಹೆಮ್ಮೆ ಅಲ್ಲೇ ಇಳಿದುಹೋಯಿತು. ಧೂಳು ಬಂದಿಲ್ಲ ಅಂದರೆ ಗಾಳಿಯೂ ಬಂದಿಲ್ಲ. ಅಷ್ಟು ವಾರ ನೋಡಿದರೂ ಅವನಿಗೆ ಇದು ಹೊಳೆದಿರಲಿಲ್ಲ.

"ಡಬ್ಬಿ ಬಾಯಿ ತೆಗೆದೇ ಇರ್‍ಲಿ, ಚಾಲು ಮಾಡು," ಅಂದ ಓಬಳೇಶ್.

ಕೀಲಿ ತಿರುಗಿಸಿ ಕಾಲು ಒತ್ತಿದ್ದೇ ತಡ, ಇಂಜಿನ್ನು ಹೋ ಎಂದು ಕೂಗಿತು. ಪಾಲಣ್ಣ ಬೆಚ್ಚಿ ಕಾಲು ತೆಗೆದ. ಡಬ್ಬಿ ಮುಚ್ಚಿದರು, ಮತ್ತೆ ಗೊರಗೊರ. ತೆರೆದರು, ಮತ್ತೆ ಹೋ.

"ಹಂಗಾದ್ರೆ ಗಾಳಿ ಎಳ್ಕೊಳ್ಳೋ ಪೈಪಿನಾಗೇ ಏನೋ ಐತೆ." ಓಬಳೇಶ್ ಟೈರಿನ ಮೇಲೆ ಹತ್ತಿ, ಕ್ಯಾಬಿನ್ನಿನ ಬೆನ್ನಿಗೆ ಮಡಚಿ ಕಟ್ಟಿದ್ದ ತಾಡಪಾಲಿನ ಸಂದಿಗೆ ಕೈ ತೂರಿಸಿದ. ಆ ಪೈಪಿನ ಬಾಯಿ ಇದ್ದದ್ದು ಅಲ್ಲೇ. ತೂರಿಸಿದವನು ಚಟ್ಟನೆ ಕೈ ಎಳೆದುಕೊಂಡ.

"ಅಣ್ಣಾ! ಇಲ್ಲೊಂದು ಮರಿ ಸಿಕ್ಕಂಡೈತಲ್ಲೋ! ಉಣ್ಣೆ ಕೈಗೆ ಹತ್ತಿತು!"

ಪಾಲಣ್ಣ ಕ್ಯಾಬಿನ್ನಿನಿಂದ ಧುಮುಕಿದ. ಓಡಿಬಂದು ತಾಡಪಾಲು ಕಿತ್ತ. ಮರಿ ಇರಲಿಲ್ಲ. ಪೈಪಿನ ಬಾಯಿಗೆ ಎರಡು ಮಡಿಕೆ ಕರಿ ಕಂಬಳಿ ಹೊದಿಸಿ, ಉಣ್ಣೆಯ ಹುರಿಯಿಂದ ಬಿಗಿಯಾಗಿ ಸುತ್ತಿ ಗಂಟು ಹಾಕಿತ್ತು. ಮಳೆಗೆ ನೆನೆದು, ಬಿಸಿಲಿಗೆ ಒಣಗಿ, ಧೂಳು ಕುಡಿದು ಕಂಬಳಿ ರೊಟ್ಟಿಯಂತೆ ಗಟ್ಟಿಯಾಗಿತ್ತು.

ಆ ಗಂಟನ್ನು ಪಾಲಣ್ಣ ಬಲ್ಲ. ಹಟ್ಟಿಯಲ್ಲಿ ಅಂಥ ಗಂಟು ಹಾಕುವವರು ಒಬ್ಬರೇ.

"ಅವ್ವ!"

"ಏನ್ಲಾ?"

"ಇದನ್ನ ಕಟ್ಟಿದೋಳು ನೀನಾ?"

ಬರಗೇರಮ್ಮ ಹತ್ತಿರ ಬಂದು ನೋಡಿದಳು. "ಹೂಂ, ನಾನೇ. ಯುಗಾದ್ಯಾಗೆ ಹಳೇ ಫಿಲ್ಟರ್ ಬಿಚ್ಚಿ, ನೋಡವ್ವ ಎಷ್ಟು ಮಣ್ಣು ತಿಂದೈತೆ ಅಂತ ತೋರ್‍ಸಿದೋನು ನೀನೇ ಅಲ್ವಾ? ಮಣ್ಣು ತಿನ್ನೋ ಮರಿಗೆ ಬಾಯಿಗೆ ಕುಕ್ಕೆ ಕಟ್ಟಲ್ವಾ? ಹಂಗೇ ಕಟ್ಟಿದೆ."

ಓಬಳೇಶ್ ಆ ಕಂಬಳಿಯನ್ನು ಬೆರಳಿಂದ ತಟ್ಟಿದ, ಟಕಟಕ ಅಂದಿತು. ಮುದುಕಿಯ ಮುಖ ಮೆಲ್ಲಗೆ ಸಣ್ಣಗಾಯಿತು. "ಅದಕ್ಕೇ ಉಸಿರು ಕಟ್ತಾ?" ಅಂದಳು.

ಪಾಲಣ್ಣ ಏನೋ ಅನ್ನಲು ಬಾಯಿ ತೆಗೆದ. ಬಂದದ್ದು ನಗೆ. ನಕ್ಕು ನಕ್ಕು ಬಾನೆಟ್ಟಿಗೆ ಒರಗಿದ. ಓಬಳೇಶ್ ಟೈರಿನ ಮೇಲಿಂದ ಜಾರಿ ನೆಲದ ಮೇಲೆ ಕೂತೇಬಿಟ್ಟ.

"ಅಜ್ಜಿ, ಕಂಪನಿಯೋರೂ ಇಂಥ ಫಿಲ್ಟರ್ ಮಾಡಿಲ್ಲ. ಒಂದು ಕಣ ಧೂಳು ಬಿಟ್ಟಿಲ್ಲ ನೀನು!"

"ಮತ್ತೆ? ನಾನು ಕಟ್ಟಿದ್ದು ಅಂದ್ರೆ ಸುಮ್ನೇನಾ?" ಅಂದಳು ಮುದುಕಿ. ಅವಳಿಗೂ ನಗು ತಡೆಯಲಾಗಲಿಲ್ಲ. ಓಬಳೇಶ್ ಹಲ್ಲು, ಉಗುರು ಎಲ್ಲ ಹಾಕಿದರೂ ಗಂಟು ಬಿಚ್ಚಲಿಲ್ಲ. ಕೊನೆಗೆ ಅವಳೇ ಹುರಿಯ ಒಂದು ತುದಿ ಹುಡುಕಿ ಎಳೆದಳು, ಸರ್ರೆಂದು ಬಿಚ್ಚಿಕೊಂಡಿತು.

ಫಿಲ್ಟರ್ ಮತ್ತೆ ಕೂರಿಸಿ ಹೊರಟ ಮೇಲೆ ಏರಿನಲ್ಲಿ ಎರಡನೇ ಗೇರು ಸಾಕಾಯಿತು. ಮೂರನೆಯದಕ್ಕೆ ಹಾಕಿದಾಗ ಪಾಲಣ್ಣ ಸುಮ್ಮನೆ ಹಾರನ್ ಬಾರಿಸಿದ, ಎದುರಿಗೆ ಯಾರೂ ಇರಲಿಲ್ಲ. ಅರ್ಧ ಏರಿನಲ್ಲಿ ಫೋನು ಬಂತು. ಗುಜರಿಯವನು. ಪಾಲಣ್ಣ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದಿದ್ದ, ಫೋನನ್ನು ತಾಯಿಗೆ ಕೊಟ್ಟ.

"ಗಾಡಿ ರೆಡಿ ಐತಾ? ಸಾಯಂಕಾಲ ಬರ್ಲಾ?" ಅನ್ನುತ್ತಿದ್ದ ಅವನು.

ಬರಗೇರಮ್ಮ ಮಗನ ಮುಖ ನೋಡಿದಳು. ಅವನು ಬೇಡವೆಂದು ತಲೆ ಅಲ್ಲಾಡಿಸಿದ.

"ಬರಬ್ಯಾಡ್ರಿ," ಅಂದಳು. "ಗಾಡಿ ಬಾಡಿಗಿ ಮ್ಯಾಲೈತೆ."

ಏರು ಮುಗಿದ ಬಯಲಲ್ಲಿ ಮಂದೆ ನಿಂತಿತ್ತು. ಗಾಡಿಯ ಸದ್ದಿಗೆ ತಾಯಿಕುರಿಗಳೆಲ್ಲ ಒಮ್ಮೆಲೇ ಕತ್ತೆತ್ತಿದವು. ತಿಪ್ಪಯ್ಯ ಓಡಿಬಂದು ಹಿಂದಿನ ಬಾಗಿಲು ಇಳಿಸಿದ. "ಏನ್ಲಾ, ಹಾರ್‍ಕಂಡು ಬಂದ್ಯಾ? ನಾಡಿದ್ದು ಮಂದೆ ಮತ್ತೆ ಏಳ್ತೈತೆ, ಬಂದ್ಬಿಡು," ಅಂದ. ಪಾಲಣ್ಣ ಎರಡು ಕಂಕುಳಲ್ಲೂ ಮರಿ ಹಿಡಿದು ಇಳಿಸುತ್ತಿದ್ದ. ಒಂದು ಕುರಿಗೆ ಅಷ್ಟೂ ತಾಳ್ಮೆ ಇರಲಿಲ್ಲ. ಇಳಿಸಿದ ಬಾಗಿಲಿನ ಮೇಲೆ ಮುಂಗಾಲು ಊರಿ ನಿಂತು, ಮೂಲೆಯಲ್ಲಿ ಉಳಿದಿದ್ದ ತನ್ನ ಮರಿಯ ಮೂತಿಯನ್ನು ನೆಕ್ಕತೊಡಗಿತು.