ನಾಡಿದ್ದು ಮಾಸ್ಟರ ಕ್ಯಾಮೆರಾ ಪರೀಕ್ಷೆ

ಹೊರರೋಗಿ ವಿಭಾಗದ ಹೊಸ ಗುಮಾಸ್ತೆಗೆ ಮಾತೆಂದರೆ ಭಯ. ಫೋನಿನಲ್ಲಿ ಹೇಳಬೇಕಾದ್ದನ್ನು 'ಹಲೋ' ಸಮೇತ ಚೀಟಿಯಲ್ಲಿ ಬರೆದುಕೊಳ್ಳುವಷ್ಟು ಸಂಕೋಚ. ಅಂಥವಳು ಏಳು ವಾರದಲ್ಲಿ ಹನ್ನೊಂದು ಸಲ ಒಬ್ಬ ಟೈಲರಿಗೆ ಫೋನ್ ಮಾಡಿದ್ದಳು. ಅವರ ಮಲಪರೀಕ್ಷೆಯಲ್ಲಿ ರಕ್ತ ಕಂಡಿತ್ತು. ಕ್ಯಾನ್ಸರ್ ಇರಬಹುದು, ಇಲ್ಲದೆಯೂ ಇರಬಹುದು. ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡಬೇಕು, ಬೇಗ ಕರೆಸಿ ಎಂದು ಡಾಕ್ಟರು ಕೆಂಪು ಶಾಯಿಯಲ್ಲಿ ಬರೆದಿದ್ದರು.

"ನಾಡಿದ್ದು ಖಂಡಿತ ಬರ್ತೀನಿ ಕಣಮ್ಮ," ಎಂದು ಟೈಲರ್ ಹನ್ನೊಂದು ಸಲವೂ ಹೇಳಿದ್ದರು. ಊರೆಲ್ಲ ಅವರನ್ನು ನಾಡಿದ್ದು ಮಾಸ್ಟರ್ ಎಂದೇ ಕರೆಯುತ್ತಿದ್ದುದು ಪಾಪ ಇವಳಿಗೆ ಗೊತ್ತಿರಲಿಲ್ಲ.

"ತಿಳಿಸಿದ್ದೀಯಲ್ಲ, ಟಿಕ್ ಹಾಕಿ ಫೈಲು ಮುಚ್ಚು," ಎಂದರು ಹೆಡ್ ಗುಮಾಸ್ತರು. "ಬರೋದು ಬಿಡೋದು ಅವರ ಹಣೆಬರಹ."

"ಅವರು ಬಂದಿಲ್ವಲ್ಲ ಸರ್," ಎಂದಳು, ಮೇಜಿಗಷ್ಟೇ ಕೇಳಿಸುವಂತೆ. ಸಂಜೆ ಕಾಲೆಳೆದುಕೊಂಡು ಅಂಗಡಿಗೇ ಹೋದಳು.

ಅಲ್ಲಿ ಬೆಂಚಿನ ಮೇಲೆ ಆಗಲೇ ಮೂವರು ಬೀಡುಬಿಟ್ಟಿದ್ದರು: ಒಬ್ಬ ಅಜ್ಜಿ, ಒಬ್ಬ ವಾಚ್‌ಮನ್, ತೂಕಡಿಸುತ್ತಿದ್ದ ಒಬ್ಬ ಮೇಷ್ಟರು.

"ನೀನು ಬಟ್ಟೆ ಕೊಟ್ಟು ಎಷ್ಟು ದಿನ ಆಯ್ತಮ್ಮ?" ಎಂದರು ಅಜ್ಜಿ.

"ಬಟ್ಟೆ ಅಲ್ಲ... ಏಳು ವಾರ."

"ಅಷ್ಟಕ್ಕೇ ಬಂದ್ಬಿಟ್ಯಾ! ನನ್ನ ಮೊಮ್ಮಗಳ ಫ್ರಾಕಿಗೆ ವರ್ಷ ಆಯ್ತು. ಈಗದು ಅವಳ ತೋಳಿಗೂ ಏರಲ್ಲ."

"ಎದುರಿಗೆ ಕೂತು ದಿಟ್ಟಿಸ್ತಾ ಇರಿ ಮೇಡಂ," ಎಂದು ವಾಚ್‌ಮನ್ ಗುಟ್ಟು ಹೇಳಿಕೊಟ್ಟ. "ಬೇರೆ ಮದ್ದಿಲ್ಲ ಇವರಿಗೆ."

ಕಾಯಿಲೆಯ ವಿಷಯ ಬೇರೆಯವರೆದುರು ಬಾಯಿಬಿಡುವಂತಿರಲಿಲ್ಲ. ಕೊರಳಲ್ಲಿದ್ದ ಆಸ್ಪತ್ರೆಯ ಗುರುತಿನ ಚೀಟಿಯನ್ನು ಮಾಸ್ಟರಿಗಷ್ಟೇ ಕಾಣುವಂತೆ ಎತ್ತಿ ತೋರಿಸಿ, ಎದುರಿನ ಸ್ಟೂಲಿನಲ್ಲಿ ಕೂತಳು.

ಮಾಸ್ಟರಿಗೆ ತಲೆ ಎತ್ತಿದರೆ ಅವಳ ಕಣ್ಣು, ತಗ್ಗಿಸಿದರೆ ಹೊಲಿಗೆ. ತಗ್ಗಿಸಿದರು. ಮೈಮೇಲೆ ಬಂದವರ ಹಾಗೆ ಮಿಷನ್ ತುಳಿದರು. ವಾಚ್‌ಮನ್‌ನ ಪ್ಯಾಂಟು ಮುಗಿಯಿತು. ಮೇಷ್ಟರ ಕೋಟಿಗೆ ಎರಡನೇ ತೋಳೂ ಬಂತು. ಫ್ರಾಕನ್ನು ಬಿಚ್ಚಿ ದೊಡ್ಡದು ಮಾಡಿದ್ದೂ ಆಯಿತು.

"ಈ ಹುಡುಗೀನ ಇಲ್ಲೇ ಕೆಲಸಕ್ಕೆ ಇಟ್ಕೊಳ್ಳಪ್ಪಾ!" ಎನ್ನುತ್ತಾ ಅಜ್ಜಿ ಎದ್ದರು. ಮೂವರೂ ಕಣ್ಣನ್ನೇ ನಂಬದೆ ಬಟ್ಟೆ ಮುಟ್ಟಿ ಮುಟ್ಟಿ ನೋಡುತ್ತಾ ಹೊರಟರು.

ಈಗ ಮಾಸ್ಟರಿಗೆ ಅಡಗಿಕೊಳ್ಳಲು ಒಂದು ಗುಂಡಿಯ ಕೆಲಸವೂ ಉಳಿದಿರಲಿಲ್ಲ.

"ನೋಡಿಸಿಕೊಂಡ್ರೆ ತಾನೇ ಅದು ಇದೆ ಅಂತಾಗೋದು?" ಎಂದರು. ಎತ್ತಿಟ್ಟ ಕತ್ತರಿಯನ್ನೇ ಮತ್ತೆ ಎತ್ತಿಟ್ಟರು.

"ಇದ್ರೆ ನೋಡದೇ ಇದ್ರೂ ಇರುತ್ತೆ ಮಾಸ್ಟ್ರೇ. ಚಿಕ್ಕದಿದ್ದಾಗ ಸಿಕ್ಕಿದ್ರೆ ಎಷ್ಟೋ ಸಲ ಅಲ್ಲೇ ತೆಗೆದುಬಿಡ್ತಾರೆ."

ಇಷ್ಟುದ್ದದ ಮಾತು ಚೀಟಿಯಿಲ್ಲದೆ ಬಂದದ್ದಕ್ಕೆ ಅವಳಿಗೇ ಬೆರಗು. ಆ ಧೈರ್ಯ ಆರುವ ಮುಂಚೆ ಆಸ್ಪತ್ರೆಗೆ ಫೋನ್ ಹಚ್ಚಿ ಅವರ ಕೈಗಿಟ್ಟಳು. ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಪರೀಕ್ಷೆ ಎಂದು ನಿಗದಿಯಾಯಿತು.

ಗುರುವಾರ ಎಂಟೂ ಹತ್ತಾದರೂ ಮಾಸ್ಟರ ಸುಳಿವಿಲ್ಲ. ಅವಳು ಬಾಗಿಲಿಗೇ ಬಂದು ನಿಂತಳು. ಅಷ್ಟರಲ್ಲಿ ಬಂದರು: ಮುಂದೆ ಮಾಸ್ಟರ್, ಹಿಂದೆ ಹೆಂಡತಿ.

"ಹೊಟ್ಟೆ ತೊಳೆಯೋ ಔಷಧಿ ಕುಡಿದು ಹತ್ತು ಸಲ ಓಡಿದ ಮೇಲೆ ಬಾಯಿಬಿಟ್ರು ನೋಡಮ್ಮ! ಏಳು ವಾರ ಮುಚ್ಚಿಟ್ಟಿದ್ದಾರೆ. ನಾನೇನು ಪಕ್ಕದ ಮನೆಯವಳಾ?"

ಈ ಬಾಯಿಗಿಂತ ಕ್ಯಾಮೆರಾನೇ ವಾಸಿ ಅನ್ನಿಸಿತೋ ಏನೋ, ನರ್ಸು ಕರೆಯುವ ಮೊದಲೇ ಮಾಸ್ಟರ್ ಒಳಗೆ ನುಗ್ಗಿದರು.

ಬಾಗಿಲು ಮುಚ್ಚಿದ್ದೇ ಹೆಂಡತಿಯ ದನಿ ಇಳಿಯಿತು. "ಇನ್ನೊಂದ್ಸಲ ಕರೆಸಬೇಕಾದ್ರೆ ನನಗೆ ಫೋನ್ ಮಾಡಮ್ಮ. ಅವರೇ ದಾರೀಲಿ ಹೇಳಿದ್ರು, ಆ ಹುಡುಗಿಗೆ ನಿನ್ನ ನಂಬರ್ ಕೊಡು ಅಂತ. ಬರ್ಕೋ."

ಹುಡುಗಿ ಬರೆದುಕೊಂಡಳು. ಓದಿ ಹೇಳಿದಳು. ಅದೂ ಸಾಲದೆ ಅಲ್ಲೇ ಆ ನಂಬರಿಗೆ ಕರೆ ಮಾಡಿದಳು. ಆಕೆಯ ಚೀಲದೊಳಗೆ ಫೋನು ಬಡಿದುಕೊಂಡಿತು.