ಆಯುಧಪೂಜೆಯ ದಿನ ಗಾಳಿ ಹಿಡಿದ ಬಸ್ಸು

ಮೂಡಲಪಾಳ್ಯದ ಶ್ರೀಶೈಲನ ಗ್ಯಾರೇಜಿನಲ್ಲಿ ಕಲಾ ಹನ್ನೊಂದು ವರ್ಷ ಮೆಕ್ಯಾನಿಕ್ ಆಗಿದ್ದಳು. ಆಷಾಢದಲ್ಲಿ ಅವನು ಅವಳನ್ನು ಹೊರಗೆ ಹಾಕಿದ. ತಪ್ಪು ಅವನದೇ. ರಾಜೇಂದ್ರ ಎಂಬವರ ಶಾಲಾ ಬಸ್ಸಿಗೆ ಹೊಸ ಡೀಸೆಲ್ ಫಿಲ್ಟರ್ ಹಾಕಿದವನು ಅವನು. ಪೈಪಿನೊಳಗೆ ಸೇರಿ ಡೀಸೆಲ್ಲಿಗೆ ಅಡ್ಡವಾಗುವ ಗಾಳಿ ತೆಗೆಯುವ ಗೊಡವೆಗೇ ಹೋಗದೆ, ಫೋನು ಕಿವಿಗಿಟ್ಟುಕೊಂಡು ಕೀ ತಿರುಗಿಸಿ ತಿರುಗಿಸಿ ಸ್ಟಾರ್ಟರ್ ಮೋಟಾರನ್ನೇ ಸುಟ್ಟುಹಾಕಿದ. ರಾಜೇಂದ್ರ ಬಂದು ಕೂಗಾಡಿದಾಗ, “ಈ ಹೆಂಗಸಿನ ಕೈಗೆ ಕೊಟ್ಟಿದ್ದೇ ತಪ್ಪಾಯ್ತು ಸಾರ್” ಎಂದು ಅವಳ ಮೇಲೆ ಗೂಬೆ ಕೂರಿಸಿದ. ಆಮೇಲೆ ಮಾರೇನಹಳ್ಳಿಯಿಂದ ಉಲ್ಲಾಳದವರೆಗೆ ಒಬ್ಬ ಗ್ಯಾರೇಜಿನವನೂ ಅವಳಿಗೆ ಕೆಲಸ ಕೊಡಲಿಲ್ಲ.

ಆ ಮಾತನ್ನು ಅವನ ಬಾಯಿಂದಲೇ ವಾಪಸ್ ತೆಗೆಸಬೇಕು, ಅದೂ ರಾಜೇಂದ್ರ ಅವರ ಎದುರಿಗೇ. ಮೂರು ತಿಂಗಳಿಂದ ಅವಳಿಗೆ ಬೇರೆ ಯೋಚನೆ ಇರಲಿಲ್ಲ. ಅನ್ನ ಇಳಿಯುತ್ತಿರಲಿಲ್ಲ ಎಂದೆಲ್ಲ ಹೇಳಿದರೆ ಸುಳ್ಳಾದೀತು. ಚೆನ್ನಾಗಿಯೇ ಉಂಡು, ಚೆನ್ನಾಗಿಯೇ ಶಪಿಸುತ್ತಿದ್ದಳು.

ಆಯುಧಪೂಜೆಗೆ ಅವಳನ್ನು ಕರೆದವರು ಶ್ರೀಶೈಲನ ತಾಯಿ ಶಿವಗಂಗಮ್ಮ. ರಾಜೇಂದ್ರ ಅವರೂ ಬರುತ್ತಾರೆಂದು ತಿಳಿದೇ ಕಲಾ ಹೋದಳು. ಶ್ರೀಶೈಲನ ಹಳೇ ಮಿನಿ ಬಸ್ಸು ಬಾಳೆಕಂದು, ಚೆಂಡುಹೂವಿನ ಹಾರ ಕಟ್ಟಿಸಿಕೊಂಡು ನಿಂತಿತ್ತು. ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು. ಬೂದುಗುಂಬಳ ಒಡೆದಾಯಿತು. ಶ್ರೀಶೈಲ ಹತ್ತಿ ಕೂತು ಕೀ ತಿರುಗಿಸಿದ. ಬಸ್ಸು ಕಿರ್ ಕಿರ್ ಎಂದಿತೇ ಹೊರತು ಸ್ಟಾರ್ಟ್ ಆಗಲಿಲ್ಲ.

“ಬೆಳಿಗ್ಗೆ ತಾನೇ ಹೊಸಾ ಫಿಲ್ಟರ್ ಹಾಕಿದೆ ಕಣಮ್ಮ, ಇದಕ್ಕೇನ್ ಬಂತೋ,” ಎಂದ ತಾಯಿಗೆ.

ಪೂಜೆಯ ಆತುರದಲ್ಲಿ ಮತ್ತೆ ಗಾಳಿ ತೆಗೆಯುವುದನ್ನು ಮರೆತಿದ್ದ! ಕಲಾಗೆ ಅಲ್ಲೇ ಕುಣಿಯಬೇಕೆನಿಸಿತು.

ಪೂಜೆಯಾದ ಗಾಡಿ ನಿಂಬೆಹಣ್ಣು ತುಳಿಯದೆ ನಿಂತರೆ ಅಪಶಕುನ. ಶಿವಗಂಗಮ್ಮನ ಮುಖ ಕಪ್ಪಿಟ್ಟಿತು. ಗಾಳಿ ತೆಗೆಯಲು ಫಿಲ್ಟರಿನ ಸ್ಕ್ರೂ ಸಡಿಲಿಸಬೇಕು, ಅದಕ್ಕೆ ಸ್ಪ್ಯಾನರ್ ಬೇಕು. ಗ್ಯಾರೇಜಿನ ಸ್ಪ್ಯಾನರುಗಳೆಲ್ಲ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಮಲಗಿದ್ದವು; ಪೂಜೆಗಿಟ್ಟದ್ದನ್ನು ನಾಳೆಯವರೆಗೆ ಮುಟ್ಟುವಂತಿಲ್ಲ. ಅಕ್ಕಪಕ್ಕದ ಗ್ಯಾರೇಜುಗಳಲ್ಲೂ ಅದೇ ಕಥೆ.

ಕಲಾ ಬ್ಯಾಗಿನಿಂದ ತನ್ನ ಸ್ಪ್ಯಾನರ್ ತೆಗೆದಳು. “ಕೆಲಸ ಇಲ್ದೋಳ ಸ್ಪ್ಯಾನರ್‌ಗೆ ಯಾರು ಪೂಜೆ ಮಾಡ್ತಾರೆ ಅಣ್ಣ? ಇದನ್ನ ಮುಟ್ಬೋದು.”

ಶ್ರೀಶೈಲ ಇಳಿದು ಬಂದು ಪಿಸುಗುಟ್ಟಿದ. “ಮರ್ಯಾದೆ ಉಳ್ಸು ಕಲಾ. ನಾಳೆಯಿಂದ ಕೆಲಸಕ್ಕೆ ಬಾ.”

“ಆ ಸ್ಕೂಲ್ ಬಸ್ ಮೋಟಾರ್ ಸುಟ್ಟಿದ್ದು ಯಾರು ಅಂತ ಮೊದ್ಲು ರಾಜೇಂದ್ರ ಸಾರ್‌ಗೆ ಹೇಳಿ.”

ಅವನು ತಾಯಿಯ ಮುಖ ನೋಡಿದ, ಸೇರಿದ್ದ ಜನರನ್ನು ನೋಡಿದ. “ನಾನೇ ಸಾರ್,” ಎಂದು ಗೊಣಗಿದ.

“ಕೇಳಿಸ್ಲಿಲ್ಲ,” ಎಂದಳು ಕಲಾ.

“ನಾನೇ ಸುಟ್ಟಿದ್ದು! ಇವಳದೇನೂ ತಪ್ಪಿಲ್ಲ!”

ರಾಜೇಂದ್ರ ಕಲಾಳತ್ತ ತಿರುಗಿ ತಲೆ ತಗ್ಗಿಸಿದರು. ಶಿವಗಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. “ಸಾಕು ಬಿಡವ್ವಾ, ಒಪ್ಕೊಂಡನಲ್ಲ.”

ಕಲಾಗೆ ಸಾಕಾಗಿರಲಿಲ್ಲ. ಸ್ಕ್ರೂ ಸಡಿಲಿಸಿ, “ಪಂಪ್ ಒತ್ತಿ ಅಣ್ಣ,” ಎಂದಳು. ಫಿಲ್ಟರಿನ ಮೇಲಿದ್ದ ಕೈಪಂಪನ್ನು ಅವನು ಹೆಬ್ಬೆರಳಿನಿಂದ ಒತ್ತುತ್ತ ಹೋದ. ಮೊದಲು ನೊರೆ ಉಕ್ಕಿತು, ಆಮೇಲೆ ಗುಳ್ಳೆ. ಗುಳ್ಳೆ ನಿಂತು ಬರೀ ಡೀಸೆಲ್ ಬಂದ ಮೇಲೂ ಇನ್ನೂ ಹತ್ತು ಸಲ ಒತ್ತಿಸಿದಳು. ಅದರ ಅಗತ್ಯವೇನೂ ಇರಲಿಲ್ಲ. ಅವನ ರೇಷ್ಮೆ ಅಂಗಿಯ ತೋಳು ಪೂರಾ ತೊಯ್ದ ಮೇಲೆ ಸ್ಕ್ರೂ ಬಿಗಿದು, ತನ್ನ ಕೈಯನ್ನು ಬಟ್ಟೆಯಲ್ಲಿ ಒರೆಸಿಕೊಂಡಳು. ಬಟ್ಟೆಯನ್ನು ಅವನಿಗೆ ಕೊಡಲಿಲ್ಲ.

ಅವನು ಡ್ರೈವರ್ ಸೀಟಿನತ್ತ ಹೊರಟ. ಪೂಜೆಯ ದಿನ ನಿಂಬೆಹಣ್ಣಿನ ಮೇಲೆ ಗಾಡಿ ಹಾಯಿಸುವುದು ಮಾಲೀಕನ ಹಕ್ಕು. ಕಲಾ ಅಡ್ಡ ನಿಂತಳು.

“ಕೈಯೆಲ್ಲ ಡೀಸೆಲ್ ಆಗಿದೆ ಅಣ್ಣ. ಪೂಜೆ ಆಗಿರೋ ಸ್ಟೇರಿಂಗ್ ಮುಟ್ಬೇಡಿ.”

ಶಿವಗಂಗಮ್ಮನೇ ಹೌದೆಂದು ತಲೆಯಾಡಿಸಿದರು. ಕಲಾ ಹತ್ತಿ ಕೂತು ಕೀ ತಿರುಗಿಸಿದಳು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನಾಲ್ಕು ನಿಂಬೆಹಣ್ಣುಗಳನ್ನೂ ನಿಧಾನವಾಗಿ ತುಳಿಸಿ ಮುಂದೆ ಬಂದಳು. ಶ್ರೀಶೈಲ ಒದ್ದೆ ಕೈಗಳನ್ನು ಎತ್ತಿ ಹಿಡಿದುಕೊಂಡು ಗೇಟಿನ ನಡುವೆಯೇ ನಿಂತಿದ್ದ. ಪಕ್ಕಕ್ಕೆ ಸರಿ ಎಂದು ಹಾರನ್ ಹೊಡೆದಳು.